ಒಂದೇ ಕಣ್ಣು, ಎಂಟು ದಿನದ ಅಂತರ, ಎರಡು ಫಲಿತಾಂಶ: ಕಣ್ಣು ಒಣಗಿದೆಯೋ ಇಲ್ಲವೋ, ಯಾರನ್ನು ನಂಬಲಿ?

ದಾವಣಗೆರೆ ಲೆಕ್ಕಪತ್ರ
ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎಂಟು ತಿಂಗಳಿಂದ ಕಣ್ಣುರಿ. ಬೆಳಿಗ್ಗೆ ಎದ್ದಾಗ ರೆಪ್ಪೆ ಅಂಟಿಕೊಂಡಿರುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಕಣ್ಣಿಗೆ ಮರಳು ತೂರಿದ ಹಾಗೆ. ಸ್ಕೂಟರ್ ಮೇಲೆ ಹೋಗುವಾಗ ಗಾಳಿ ಬಡಿದರೆ ಸಾಕು, ಕೆನ್ನೆಯ ಮೇಲೆ ನೀರು ಇಳಿಯುತ್ತದೆ. ಅತ್ತಿದ್ದೀಯಾ ಎಂದು ಕಚೇರಿಯಲ್ಲಿ ಕೇಳುತ್ತಾರೆ.

ಮೊದಲು ಹೋದ ಆಸ್ಪತ್ರೆಯಲ್ಲಿ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಬಲಗಣ್ಣು 6 ಮಿ.ಮೀ., ಎಡಗಣ್ಣು 9 ಮಿ.ಮೀ. ‘ಡ್ರೈ ಐ, ಹನಿ ಹಾಕಿಕೊಳ್ಳಿ’ ಎಂದರು. ಮನಸ್ಸು ಒಪ್ಪದೆ ಎಂಟು ದಿನ ಬಿಟ್ಟು ಇನ್ನೊಂದು ಆಸ್ಪತ್ರೆಗೆ ಹೋದೆ. ಅಲ್ಲೂ ಅದೇ ಕಾಗದ, ಅದೇ ಐದು ನಿಮಿಷ. ಈ ಸಲ 22 ಮತ್ತು 24! ‘ನಿಮಗೆ ಡ್ರೈ ಐ ಇಲ್ಲವೇ ಇಲ್ಲ’ ಎಂದು ಅಲರ್ಜಿಯ ಮಾತ್ರೆ ಬರೆದರು. ಮಾತ್ರೆ ನುಂಗಿದ ಮೇಲೆ ಉರಿ ಇನ್ನೂ ಹೆಚ್ಚಾಗಿದೆ.

ದಿನವಿಡೀ ಲೆಕ್ಕ ತಾಳೆ ನೋಡುವವಳು ನಾನು. ಒಂದೇ ಖಾತೆಗೆ ಎರಡು ಮೊತ್ತ ಬಂದರೆ ನಿದ್ದೆ ಬರುವುದಿಲ್ಲ. ಯಾವುದು ಸರಿ? ಇಷ್ಟು ನೀರು ಸುರಿಯುವ ಕಣ್ಣನ್ನು ಒಣಗಿದ ಕಣ್ಣು ಎನ್ನುವುದಾದರೂ ಹೇಗೆ?

ಕಲಬುರಗಿ ಬಿಸಿಲು
ಅಕ್ಕ, ಎರಡೂ ಬಿಡಿ. ನಮ್ಮಲ್ಲಿ ಮೇ ತಿಂಗಳಲ್ಲಿ ಕಣ್ಣು ಉರಿಯದವರು ಯಾರಿದ್ದಾರೆ? ರಾತ್ರಿ ಮಲಗುವಾಗ ಎರಡು ಹನಿ ಗುಲಾಬಿ ನೀರು ಹಾಕಿಕೊಳ್ಳಿ. ನಮ್ಮ ತಾಯಿ ಮೂವತ್ತು ವರ್ಷ ಅದನ್ನೇ ಹಾಕಿಕೊಂಡು ಬಂದವರು. ಈ ಪರೀಕ್ಷೆಗಳೆಲ್ಲ ಆಸ್ಪತ್ರೆಯ ಬಿಲ್ ಬೆಳೆಸುವುದಕ್ಕೆ.

ಕಡಲೂರಿನ ಆಪ್ಟೊಮೆಟ್ರಿಸ್ಟ್
ಮಂಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಕಣ್ಣು ಪರೀಕ್ಷಿಸುವ ಕೆಲಸವನ್ನೇ ಮಾಡುತ್ತಿದ್ದೇನೆ. ಮೇಡಂ, ಉತ್ತರ ಹೇಳುವ ಮೊದಲು ಎರಡು ಪ್ರಶ್ನೆ. ಕಾಗದ ಇಡುವ ಮೊದಲು ಎರಡು ಆಸ್ಪತ್ರೆಯಲ್ಲೂ ಹನಿ ಹಾಕಿದರೇ? ಹಾಕಿದ್ದರೆ, ಒಂದು ಕ್ಷಣ ಚುರ್ರೆಂದು ಆಮೇಲೆ ರೆಪ್ಪೆ ಮರಗಟ್ಟಿದ ಹಾಗೆ ಆಯಿತೇ? ಎರಡನೆಯದು, ಕಾಗದಕ್ಕೆ ಮೊದಲು ಇನ್ನೇನು ಪರೀಕ್ಷೆ ಮಾಡಿದರು?

ರಾತ್ರಿಪಾಳಿ
ನನ್ನದೂ ಇದೇ ಕಥೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ದಾವಣಗೆರೆ ಲೆಕ್ಕಪತ್ರ
ನೀವು ಕೇಳಿದ ಮೇಲೆ ನೆನಪಾಯಿತು! ಮೊದಲನೆಯ ಕಡೆ ಹನಿ ಹಾಕಿದ್ದರು. ಚುರ್ರೆಂದಿತು, ಆಮೇಲೆ ರೆಪ್ಪೆ ದಪ್ಪಗಾದ ಹಾಗಿತ್ತು, ಕಾಗದ ಇಟ್ಟದ್ದೇ ತಿಳಿಯಲಿಲ್ಲ. ಎರಡನೆಯ ಕಡೆ ಅಂಥ ಹನಿ ಹಾಕಲಿಲ್ಲ. ಮೊದಲು ಕಿತ್ತಳೆ ಬಣ್ಣದ ತುದಿಯಿದ್ದ ಪಟ್ಟಿಯನ್ನು ಕಣ್ಣಿಗೆ ಸೋಕಿಸಿ ನೀಲಿ ಬೆಳಕಿನಲ್ಲಿ ನೋಡಿದರು. ರೆಪ್ಪೆ ಎತ್ತಿ ಹಿಡಿದು ಬೆಳಕು ಬಿಟ್ಟರು. ಅದಾದ ಕೂಡಲೇ ಕಾಗದ ಸಿಕ್ಕಿಸಿದರು. ಅದು ಬಹಳ ಚುಚ್ಚಿತು.

ಕಡಲೂರಿನ ಆಪ್ಟೊಮೆಟ್ರಿಸ್ಟ್
ನಿಮ್ಮ ಎರಡು ಮೊತ್ತ ತಾಳೆಯಾಗದಿರುವುದಕ್ಕೆ ಕಾರಣ ಸಿಕ್ಕಿತು. ಅವು ಒಂದೇ ಖಾತೆಯವಲ್ಲ.

ಆ ಕಾಗದದ ಪರೀಕ್ಷೆಗೆ ಶಿರ್ಮರ್ ಪರೀಕ್ಷೆ ಎನ್ನುತ್ತಾರೆ. ಒಟ್ಟೊ ಶಿರ್ಮರ್ ಎಂಬ ಜರ್ಮನ್ ವೈದ್ಯರು 1903ರಲ್ಲಿ ವಿವರಿಸಿದ್ದು. 5 ಮಿ.ಮೀ. ಅಗಲ, 35 ಮಿ.ಮೀ. ಉದ್ದದ ಸೋಸು ಕಾಗದ, ಐದು ನಿಮಿಷ. ಮರಗಟ್ಟಿಸುವ ಹನಿ ಹಾಕದೆ ಮಾಡಿದರೆ ಕಾಗದ ಚುಚ್ಚಿ ಉಕ್ಕಿದ ನೀರೂ ಸೇರಿ ಒಟ್ಟು ಅಳತೆ ಬರುತ್ತದೆ. ಹನಿ ಹಾಕಿ ಮಾಡಿದರೆ ಆ ಉಕ್ಕಿದ ನೀರು ಬಹುಪಾಲು ತಗ್ಗುತ್ತದೆ, ಆದ್ದರಿಂದ ಅಳತೆ ಸಹಜವಾಗಿಯೇ ಕಡಿಮೆ. ಎರಡನ್ನೂ ಒಂದೇ ಗೆರೆಯಿಂದ ಅಳೆಯಬಾರದು. ಹನಿ ಹಾಕದೆ 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಬಂದರೆ ನೀರಿನ ಕೊರತೆಯೆಂದು ಗಟ್ಟಿಯಾಗಿ ಹೇಳಬಹುದು. ನಿಮ್ಮ ಎರಡನೆಯ ಪರೀಕ್ಷೆಯಲ್ಲಿ ಬಣ್ಣ, ಬೆಳಕು, ರೆಪ್ಪೆ ಎಳೆದದ್ದು ಎಲ್ಲ ಮುಗಿದ ಮೇಲೆ ಕಾಗದ ಇಟ್ಟಿದ್ದಾರೆ. ಕೆರಳಿದ ಕಣ್ಣಿನಿಂದ 22 ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅಷ್ಟೂ ಅಲ್ಲದೆ, ಈ ಕಾಗದ ಒಂದೇ ಕಣ್ಣಿಗೆ ಒಂದೊಂದು ದಿನ ಒಂದೊಂದು ಅಂಕಿ ಕೊಡುವುದು ನಮಗೆಲ್ಲ ಗೊತ್ತಿರುವ ಸಂಗತಿ.

ಈಗ ನೀರು ಸುರಿಯುವ ಪ್ರಶ್ನೆ. ಕಣ್ಣಿನ ಮೇಲಿನ ತೇವ ಬರಿಯ ನೀರಲ್ಲ. ಕೆಳಗೆ ಅಂಟುವ ಲೋಳೆ, ನಡುವೆ ನೀರು, ಮೇಲೆ ತೆಳುವಾದ ಎಣ್ಣೆಯ ಪದರ. ಆ ಎಣ್ಣೆ ರೆಪ್ಪೆಯ ಅಂಚಿನಲ್ಲಿರುವ ಮೈಬೋಮಿಯನ್ ಗ್ರಂಥಿಗಳಿಂದ ಬರುತ್ತದೆ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಅವುಗಳ ಬಾಯಿ ಕಟ್ಟಿದರೆ ನೀರು ಎಷ್ಟಿದ್ದರೂ ಬೇಗ ಆರಿಹೋಗುತ್ತದೆ. ಬರಿದಾದ ಜಾಗ ಉರಿಯುತ್ತದೆ, ಉರಿದಾಗ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಎಣ್ಣೆಯಿಲ್ಲದ ಆ ನೀರು ನಿಲ್ಲದೆ ಕೆನ್ನೆಗೆ ಇಳಿಯುತ್ತದೆ. ಗಾಳಿ ಬಡಿದಾಗ ನಿಮಗೆ ಆಗುತ್ತಿರುವುದು ಇದೇ ಇರಬಹುದು. ಕಾಗದದ ಪಟ್ಟಿ ಎಣ್ಣೆಯನ್ನು ಅಳೆಯುವುದಿಲ್ಲ.

ನೀಲಿ ಬೆಳಕಿನಲ್ಲಿ ನೋಡಿದ ಮೇಲೆ ‘ಟಿಬಿಯುಟಿ’ ಎಂದು ಏನಾದರೂ ಬರೆದಿದ್ದಾರೆಯೇ? ಚೀಟಿ ಹುಡುಕಿ. ರೆಪ್ಪೆ ಬಡಿದ ಮೇಲೆ ತೇವದ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂಬ ಲೆಕ್ಕ ಅದು. ಹತ್ತು ಸೆಕೆಂಡಿಗಿಂತ ಕಡಿಮೆಯಿದ್ದರೆ ಗಮನಿಸಬೇಕು.

ಇನ್ನೊಂದು ಮಾತು. ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳೇ ಕಣ್ಣೀರನ್ನು ಕಡಿಮೆ ಮಾಡುತ್ತವೆ. ಮಾತ್ರೆಯ ನಂತರ ಉರಿ ಹೆಚ್ಚಾಯಿತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಕಲಬುರಗಿ ಬಿಸಿಲು
ನೋಡಿ, ನೀವೇ ಒಪ್ಪಿಕೊಂಡಿರಿ. ದಿನಕ್ಕೊಂದು ಅಂಕಿ ಕೊಡುವ ಪರೀಕ್ಷೆಗೆ ಬಡವರು ಯಾಕೆ ಹಣ ಕೊಡಬೇಕು?

ಶಿರಸಿ ತೋಟದಿಂದ
ಗುಲಾಬಿ ನೀರಿನ ಮಾತು ನೋಡಿ ಸುಮ್ಮನಿರಲಾಗಲಿಲ್ಲ. ಮೂರು ವರ್ಷದ ಹಿಂದೆ ಕೊಯ್ಲಿನ ಸಮಯದಲ್ಲಿ ನನ್ನ ತಂದೆಯ ಕಣ್ಣಿಗೆ ಭತ್ತದ ಗರಿ ಹೊಡೆಯಿತು. ಕೆಂಪಾಯಿತು. ಮೊದಲ ಎರಡು ದಿನ ಮನೆಯಲ್ಲಿ ಗುಲಾಬಿ ನೀರು. ಮೂರನೆಯ ದಿನ ಔಷಧದ ಅಂಗಡಿಯಲ್ಲಿ ‘ಕೆಂಪಿಗೆ ಒಳ್ಳೆಯದು’ ಎಂದು ಹನಿ ಕೊಟ್ಟರು. ಕೆಂಪು ನಿಜವಾಗಿಯೂ ಇಳಿಯಿತು, ನಾವು ನಿಶ್ಚಿಂತರಾದೆವು. ಹತ್ತನೆಯ ದಿನ ಟಾರ್ಚ್ ಹಿಡಿದು ನೋಡಿದರೆ ಕಪ್ಪುಗುಡ್ಡೆಯ ಮೇಲೆ ಜೋಳದ ಕಾಳಿನಷ್ಟು ಬಿಳಿ ಮಚ್ಚೆ.

ಆಸ್ಪತ್ರೆಯಲ್ಲಿ ಅದೇ ಕಿತ್ತಳೆ ಬಣ್ಣದ ಪಟ್ಟಿ ಸೋಕಿಸಿದರು. ನೀಲಿ ಬೆಳಕಿನಲ್ಲಿ ಹುಣ್ಣು ಹಸಿರಾಗಿ ಹೊಳೆಯುತ್ತಿದ್ದುದನ್ನು ನಾನೂ ಕಂಡೆ. ಹುಣ್ಣಿನಿಂದ ಚೂರು ಕೆರೆದು ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ಶಿಲೀಂಧ್ರ ಎಂದರು. ಅಂಗಡಿಯವರು ಕೊಟ್ಟದ್ದು ಸ್ಟೀರಾಯ್ಡ್ ಹನಿ, ಕೆಂಪು ಇಳಿಸುವ ಜೊತೆಗೆ ಕಣ್ಣಿನ ರಕ್ಷಣಾ ಶಕ್ತಿಯನ್ನೂ ಕುಗ್ಗಿಸುವ ಔಷಧ. ಶಿಲೀಂಧ್ರದ ಹುಣ್ಣಿಗೆ ಅದು ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಎರಡು ತಿಂಗಳು ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಹನಿ ಹಾಕಿದೆವು. ಕಣ್ಣು ಉಳಿಯಿತು, ನಡುವೆ ಬಿಳಿ ಕಲೆಯೂ ಉಳಿಯಿತು. ಆ ಕಣ್ಣಿನಲ್ಲಿ ಅಪ್ಪ ಈಗ ಬೆರಳು ಎಣಿಸಬಲ್ಲರು, ಅಷ್ಟೇ.

ಮೊದಲ ದಿನವೇ ಆ ಬಣ್ಣದ ಪರೀಕ್ಷೆ ಮಾಡಿಸಿದ್ದರೆ ಗೀರು ಕಾಣುತ್ತಿತ್ತು. ಎಷ್ಟು ಸಣ್ಣ ಪರೀಕ್ಷೆ ಅದು!

ಕಲಬುರಗಿ ಬಿಸಿಲು
ನಿಮ್ಮ ತಂದೆಯವರ ವಿಷಯ ಓದಿ ಮನಸ್ಸಿಗೆ ಬಹಳ ನೋವಾಯಿತು. ಗಾಯವಾದ ಕಣ್ಣಿಗೆ ಮನೆಮದ್ದು ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ ಖರ್ಚಿನ ಮಾತನ್ನು ಬಿಡುವುದಿಲ್ಲ. ನಮ್ಮ ತಮ್ಮನಿಗೆ ಒಂದು ಕಡೆ ಕಂಪ್ಯೂಟರ್‌ನಲ್ಲಿ ರೆಪ್ಪೆಯ ಚಿತ್ರ ತೆಗೆದು, ಕಣ್ಣೀರಿನ ಉಪ್ಪು ಅಳೆದು, ಪ್ಯಾಕೇಜ್ ಎಂದು ಹಣ ಕಟ್ಟಿಸಿಕೊಂಡರು. ಕೊನೆಗೆ ಕೊಟ್ಟದ್ದು ಅದೇ ಮಾಮೂಲಿ ಹನಿ.

ಕಡಲೂರಿನ ಆಪ್ಟೊಮೆಟ್ರಿಸ್ಟ್
ಸರ್, ಈ ಮಾತಿನಲ್ಲಿ ನಾನು ನಿಮ್ಮ ಕಡೆ. ಎಲ್ಲರಿಗೂ ಎಲ್ಲ ಪರೀಕ್ಷೆ ಬೇಕಿಲ್ಲ. ಮೊದಲು ಕೂರಿಸಿಕೊಂಡು ಕೇಳಬೇಕು. ‘ಓಎಸ್‌ಡಿಐ’ ಎಂಬ ಹನ್ನೆರಡು ಪ್ರಶ್ನೆಗಳ ಪಟ್ಟಿಯಿದೆ. ಕಳೆದ ವಾರ ಓದುವಾಗ, ರಾತ್ರಿ ವಾಹನ ಓಡಿಸುವಾಗ, ಗಾಳಿಯಲ್ಲಿ, ಏಸಿಯಲ್ಲಿ ಎಷ್ಟು ತೊಂದರೆಯಾಯಿತು ಎಂದೆಲ್ಲ ಕೇಳುತ್ತದೆ. ನೂರಕ್ಕೆ 13 ಅಥವಾ ಹೆಚ್ಚು ಬಂದರೆ ಮುಂದಿನ ಪರೀಕ್ಷೆ. ಇದಕ್ಕೆ ಬೇಕಾದದ್ದು ಒಂದು ಹಾಳೆ, ಐದು ನಿಮಿಷ. ಆಮೇಲೆ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕ, ಬಣ್ಣದ ಪಟ್ಟಿ, ರೆಪ್ಪೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುವುದು. ತಾಲ್ಲೂಕು ಮಟ್ಟದ ಕಣ್ಣಿನ ವೈದ್ಯರ ಬಳಿಯೂ ಇವಿಷ್ಟೂ ಇರುತ್ತವೆ. ನಾನು ನೋಡುವ ಹೆಚ್ಚಿನವರ ಉತ್ತರ ಇಷ್ಟರಲ್ಲೇ ಸಿಗುತ್ತದೆ.

ಉಪ್ಪಿನ ಅಳತೆ, ಅಂದರೆ ಆಸ್ಮೊಲಾರಿಟಿ, ಸುಳ್ಳು ಪರೀಕ್ಷೆಯಲ್ಲ. 308 ದಾಟಿದರೆ ಅಥವಾ ಎರಡು ಕಣ್ಣಿನ ನಡುವೆ 8ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇನ್‌ಫ್ರಾರೆಡ್‌ನಲ್ಲಿ ಗ್ರಂಥಿಗಳ ಚಿತ್ರ ತೆಗೆಯುವುದೂ ಉಪಯುಕ್ತ, ಎಷ್ಟು ಗ್ರಂಥಿ ಉಳಿದಿವೆ, ಎಷ್ಟು ಸವೆದಿವೆ ಎಂದು ಕಣ್ಣಾರೆ ತೋರಿಸುತ್ತದೆ. ಆದರೆ ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ಕ್ರಮವೂ ಮುಖ್ಯ. ಕಣ್ಣನ್ನು ಮುಟ್ಟದ ಪರೀಕ್ಷೆ ಮೊದಲು, ಕೆರಳಿಸುವ ಕಾಗದ ಕೊನೆಗೆ. ಕೊನೆಗೆ ಇಟ್ಟರೂ ನಡುವೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಸುಮ್ಮನೆ ಕೂರಲು ಬಿಡಬೇಕು. ಮೇಡಂಗೆ ಆ ಬಿಡುವು ಸಿಕ್ಕಲಿಲ್ಲ.

ಮೈಸೂರು ಮೇಷ್ಟ್ರು
ಈ ಬಣ್ಣದ ಪರೀಕ್ಷೆಯ ಮಹತ್ವ ನನಗೆ ಪೊರೆಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ತಿಳಿಯಿತು. ಒಳಗೆ ಕೂರಿಸುವ ಮಸೂರದ ಪವರ್ ನಿರ್ಧರಿಸಲು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಬಾಗು ಅಳೆಯುತ್ತಾರಲ್ಲ, ಮೂರು ಸಲ ಅಳೆದಾಗಲೂ ಬೇರೆ ಬೇರೆ ಅಂಕಿ ಬಂತು. ವೈದ್ಯೆ ಯಂತ್ರವನ್ನು ದೂರಲಿಲ್ಲ. ಬಣ್ಣ ಹಾಕಿ ನೋಡಿ, ‘ಮೇಷ್ಟ್ರೇ, ನಿಮ್ಮ ಕಣ್ಣಿನ ತೇವ ಒಂದೇ ಸಮನಾಗಿ ನಿಲ್ಲುತ್ತಿಲ್ಲ. ಅಲುಗುವ ನೀರಿನಲ್ಲಿ ಮುಖ ನೋಡಿಕೊಂಡ ಹಾಗೆ ಅಳತೆ ಬರುತ್ತಿದೆ’ ಎಂದರು. ಆರು ವಾರ ಶಸ್ತ್ರಚಿಕಿತ್ಸೆ ಮುಂದೂಡಿ ಮೊದಲು ರೆಪ್ಪೆಗೆ ಚಿಕಿತ್ಸೆ ಕೊಟ್ಟರು. ಆಮೇಲೆ ಅಳತೆ ಮೂರು ಸಲವೂ ಒಂದೇ ಬಂತು. ಅವತ್ತು ಮಗ ‘ಸುಮ್ಮನೆ ತಡ ಮಾಡುತ್ತಿದ್ದಾರೆ’ ಎಂದು ಸಿಡುಕಿದ್ದ. ಇವತ್ತು ಪತ್ರಿಕೆಯ ಸಣ್ಣ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಕನ್ನಡಕವಿಲ್ಲದೆ ನೋಡುತ್ತೇನೆ.

ಗದಗಿನ ಸೊಸೆ
ನನ್ನ ಅತ್ತೆಯವರ ವಿಷಯ ಹೇಳಲೇಬೇಕು. ಕಣ್ಣುರಿಗೆ ಎರಡು ವರ್ಷ ಹನಿ ಹಾಕಿಕೊಂಡರು. ಅದೇ ಸಮಯದಲ್ಲಿ ಅವರು ಖಡಕ್ ರೊಟ್ಟಿ ತಿನ್ನುವುದನ್ನು ಬಿಟ್ಟರು. ಅದಿಲ್ಲದೆ ಊಟವೇ ಮಾಡದವರು, ಬಿಸಿ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು, ತುತ್ತಿಗೊಮ್ಮೆ ನೀರು ಕುಡಿದು ನುಂಗುತ್ತಿದ್ದರು. ಹಲ್ಲು ಸವೆದಿರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಹುಬ್ಬಳ್ಳಿಯಲ್ಲಿ ಒಬ್ಬ ವೈದ್ಯರು ಕಣ್ಣು ನೋಡುತ್ತಲೇ ‘ಅಮ್ಮಾ, ರೊಟ್ಟಿ ನೀರಿಲ್ಲದೆ ಇಳಿಯುತ್ತದೆಯೇ?’ ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ಎಲ್ಲ ಬಿಚ್ಚಿಕೊಂಡಿತು.

ಕಾಗದದ ಪರೀಕ್ಷೆಯಲ್ಲಿ ಎರಡೂ ಕಣ್ಣಿಗೆ 2 ಮಿ.ಮೀ. ರಕ್ತದಲ್ಲಿ ದೇಹದ ವಿರುದ್ಧವೇ ತಿರುಗುವ ಪ್ರತಿಕಾಯ ‘ಆಂಟಿ ಎಸ್‌ಎಸ್‌ಎ’ ಸಿಕ್ಕಿತು. ಶೋಗ್ರೆನ್ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುತ್ತದಂತೆ. ಈಗ ಕೀಲು ಮತ್ತು ರಕ್ತದ ಪರೀಕ್ಷೆಗಳೂ ನಡೆಯುತ್ತಿವೆ. ನಮ್ಮ ಎದುರಿಗೇ ತಟ್ಟೆಯಲ್ಲಿ ಇದ್ದ ಲಕ್ಷಣವನ್ನು ಎರಡು ವರ್ಷ ನಾವು ಕಾಣಲಿಲ್ಲ ಎಂಬುದು ನನ್ನನ್ನು ಇನ್ನೂ ಕಾಡುತ್ತದೆ.

ರಾತ್ರಿಪಾಳಿ
ಅಯ್ಯೋ, ನನಗೆ 8 ಮಿ.ಮೀ. ಬಂದಿತ್ತು. ಹಾಗಾದರೆ ನನಗೂ ಇದೇ ಕಾಯಿಲೆಯೇ? ಹತ್ತಕ್ಕಿಂತ ಕಡಿಮೆ ಬಂದರೆ ಶೋಗ್ರೆನ್ ಎಂದು ಎಲ್ಲೋ ಓದಿದ್ದೆ.

ಕಡಲೂರಿನ ಆಪ್ಟೊಮೆಟ್ರಿಸ್ಟ್
ತಪ್ಪು ಓದಿದ್ದೀರಿ, ಗಾಬರಿಯಾಗಬೇಡಿ. ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ದಿನದಿಂದಲೂ ಕಣ್ಣಿನ ಪರೀಕ್ಷೆ ಅದರ ಒಂದು ತುಣುಕು ಮಾತ್ರ. 2016ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅಂಕ ಕೊಡುತ್ತಾರೆ. ತುಟಿಯ ಒಳಗಿನ ಸಣ್ಣ ಗ್ರಂಥಿಯ ಬಯಾಪ್ಸಿಗೆ 3, ಎಸ್‌ಎಸ್‌ಎಗೆ 3, ಕಾಗದ 5 ಮಿ.ಮೀ. ಅಥವಾ ಕಡಿಮೆಯಿದ್ದರೆ 1, ಬಣ್ಣ ಹಾಕಿದಾಗ ಕಣ್ಣಿನ ಮೇಲೆ ಕಾಣುವ ಕಲೆಗಳಿಗೆ 1, ಜೊಲ್ಲು ಕಡಿಮೆಯಿದ್ದರೆ 1. ಒಟ್ಟು 4 ಆಗಬೇಕು. ಬರಿಯ ಕಾಗದದಿಂದ ಯಾರಿಗೂ ಶೋಗ್ರೆನ್ ಆಗುವುದಿಲ್ಲ. ಬಾಯಿ ಒಣಗುವುದು, ಕೀಲುನೋವು, ಕಿವಿಯ ಬಳಿ ಊತ ಇವೆಯೇ? ಇದ್ದರೆ ವೈದ್ಯರಿಗೆ ಹೇಳಿ. ಅಂದ ಹಾಗೆ, ರಾತ್ರಿಯಿಡೀ ಪರದೆ ನೋಡುವ ಕೆಲಸವೇ ನಿಮ್ಮದು?

ರಾತ್ರಿಪಾಳಿ
ಹೌದು, ಬೆಂಗಳೂರಿನಲ್ಲಿ ಹತ್ತು ಗಂಟೆ ಪರದೆಯ ಮುಂದೆ, ಏಸಿಯ ಗಾಳಿ ನೇರ ಮುಖಕ್ಕೆ. ಬಾಯಿಗೆ ಏನೂ ತೊಂದರೆಯಿಲ್ಲ. ನಿನ್ನೆ ಗೆಳೆಯನಿಗೆ ಹೇಳಿ ನನ್ನ ರೆಪ್ಪೆ ಬಡಿತ ಎಣಿಸಲು ಹೇಳಿದೆ. ಹರಟುವಾಗ ನಿಮಿಷಕ್ಕೆ ಹದಿನೇಳು, ಪರದೆ ನೋಡುವಾಗ ಐದು!

ಬಳ್ಳಾರಿಯ ತಾಯಿ
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನನ್ನ ಮಗನಿಗೆ ಒಂಬತ್ತು ವರ್ಷ. ಬೇಸಿಗೆ ಬಂತೆಂದರೆ ಮುಷ್ಟಿಯಿಂದ ಕಣ್ಣು ಉಜ್ಜುತ್ತಲೇ ಇರುತ್ತಾನೆ. ಗೀಜು ನೂಲಿನ ಹಾಗೆ ಎಳೆಎಳೆಯಾಗಿ ಬರುತ್ತದೆ. ಧೂಳಿನಿಂದ ಎಂದು ಸುಮ್ಮನಿದ್ದೆವು. ಇವನಿಗೂ ಈ ಪರೀಕ್ಷೆಗಳು ಬೇಕೇ?

ಕಡಲೂರಿನ ಆಪ್ಟೊಮೆಟ್ರಿಸ್ಟ್
ಅಕ್ಕ, ನೂಲಿನಂಥ ಗೀಜು, ಬೇಸಿಗೆಯಲ್ಲಿ ಹೆಚ್ಚುವ ತುರಿಕೆ, ಗಂಡುಮಗು ಎಂದರೆ ನನಗೆ ಮೊದಲು ಹೊಳೆಯುವುದು ವರ್ನಲ್ ಎಂಬ ಅಲರ್ಜಿ. ಇದಕ್ಕೆ ಕಾಗದ ಬೇಡ, ಮೇಲಿನ ರೆಪ್ಪೆಯನ್ನು ಮಗುಚಿ ನೋಡಬೇಕು. ಈ ಕಾಯಿಲೆಯಿದ್ದರೆ ಒಳಗೆ ದಾಳಿಂಬೆ ಕಾಳು ಜೋಡಿಸಿದ ಹಾಗೆ ಗಂಟುಗಳು ಕಾಣುತ್ತವೆ. ರೆಪ್ಪೆ ಮಗುಚದೆ ಔಷಧ ಬರೆದರೆ, ದಯವಿಟ್ಟು ಮಗುಚಿ ನೋಡಿ ಎಂದು ನೀವೇ ಕೇಳಿ.

ಉಜ್ಜುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವರ್ಷಗಟ್ಟಲೆ ಉಜ್ಜಿದ ಮಕ್ಕಳಲ್ಲಿ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕೆರಟೋಕೋನಸ್ ಹೆಚ್ಚು ಕಾಣುತ್ತದೆ. ಕನ್ನಡಕದ ಪವರ್ ಪದೇ ಪದೇ ಬದಲಾಗುತ್ತಿದ್ದರೆ ಟೊಪೊಗ್ರಫಿ, ಅಂದರೆ ಕಾರ್ನಿಯಾದ ಆಕಾರದ ನಕ್ಷೆ, ಮಾಡಿಸಿ. ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕಬೇಡಿ. ತುರಿಕೆ ಮಾಯವಾಗುತ್ತದೆ, ಒಳಗೆ ಕಣ್ಣಿನ ಒತ್ತಡ ಏರುತ್ತದೆ, ಮಗುವಿಗೆ ಅದು ಗೊತ್ತಾಗುವುದಿಲ್ಲ.

ಬಳ್ಳಾರಿಯ ತಾಯಿ
ಪವರ್ ವರ್ಷದಲ್ಲಿ ಎರಡು ಸಲ ಬದಲಾಗಿದೆ. ಸೋಮವಾರವೇ ಕರೆದುಕೊಂಡು ಹೋಗುತ್ತೇನೆ.

ಮೈಸೂರು ಮೇಷ್ಟ್ರು
ತಾಯಿ, ಹೋಗುವಾಗ ಹಳೆಯ ಕನ್ನಡಕದ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ.

ಕಾಡಿಗೆ ಕಣ್ಣು
ನಾನು ದಿನವೂ ಕಾಡಿಗೆ ಹಚ್ಚುತ್ತೇನೆ. ಅದನ್ನೂ ಬಿಡಬೇಕೇ? ಅಜ್ಜಿ ಮಾಡಿಕೊಡುವ ಹರಳೆಣ್ಣೆಯ ಕಾಡಿಗೆ.

ಗದಗಿನ ಸೊಸೆ
ರೆಪ್ಪೆಗೂದಲಿನ ಒಳಗಿನ ಅಂಚಿಗೆ ಹಚ್ಚಬೇಡಿ ಎಂದು ನಮಗೆ ಹೇಳಿದರು. ಎಣ್ಣೆ ಗ್ರಂಥಿಯ ಬಾಯಿ ಅಲ್ಲೇ ಇರುವುದಂತೆ. ಪರೀಕ್ಷೆಯ ದಿನವಂತೂ ಹಚ್ಚಲೇಬೇಡಿ, ಹನಿಯನ್ನೂ ಹಾಕಿಕೊಂಡು ಹೋಗಬೇಡಿ. ಅತ್ತೆಯವರು ಮೊದಲ ಸಲ ಹನಿ ಹಾಕಿಕೊಂಡೇ ಹೋಗಿ ಇನ್ನೊಂದು ದಿನ ಬರಬೇಕಾಯಿತು.

ದಾವಣಗೆರೆ ಲೆಕ್ಕಪತ್ರ
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಹಳೆಯ ಚೀಟಿ ಹುಡುಕಿದೆ. ಎರಡನೆಯ ಆಸ್ಪತ್ರೆಯವರು ಮೂಲೆಯಲ್ಲಿ ‘ಟಿಬಿಯುಟಿ 4/5’ ಎಂದು ಬರೆದಿದ್ದರು, ಒಂದು ಕಣ್ಣಿಗೆ 4 ಸೆಕೆಂಡು, ಇನ್ನೊಂದಕ್ಕೆ 5! ಉತ್ತರ ಅದೇ ಚೀಟಿಯಲ್ಲಿತ್ತು. ಕಾಗದದ 22, 24 ನೋಡಿ ಅದನ್ನು ಬಿಟ್ಟುಬಿಟ್ಟಿದ್ದಾರೆ. ನನಗೆ ಸಿಟ್ಟು ಬಂದದ್ದು ನಿಜ.

ಎರಡೂ ಚೀಟಿ ಹಿಡಿದು ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋದೆ. ಸಾಲು ಉದ್ದವಿತ್ತು, ಮಧ್ಯಾಹ್ನವಾಯಿತು. ಯುವ ವೈದ್ಯೆ ಮೊದಲು ಪ್ರಶ್ನೆಗಳನ್ನು ಕೇಳಿದರು, ನನ್ನ ಅಂಕ 39. ಪದರ ಒಡೆಯುವ ಸಮಯವನ್ನು ಮೂರು ಸಲ ನೋಡಿ ಸರಾಸರಿ ತೆಗೆದರು, 4 ಸೆಕೆಂಡು. ಆಮೇಲೆ ಕೆಳರೆಪ್ಪೆಯ ಅಂಚನ್ನು ಹತ್ತಿಯ ಕಡ್ಡಿಯಿಂದ ಒತ್ತಿದರು. ಪಕ್ಕದ ಪರದೆಯಲ್ಲಿ ನನಗೂ ತೋರಿಸಿದರು. ತೆಳ್ಳಗೆ ಬರಬೇಕಾದ ಎಣ್ಣೆ, ಹಲ್ಲುಜ್ಜುವ ಪೇಸ್ಟಿನ ಹಾಗೆ ಬಿಳಿಯ ಎಳೆಯಾಗಿ ಹೊರಬಂತು. ಎಂಟು ತಿಂಗಳ ಉರಿ ಅಲ್ಲಿ ಕಣ್ಣೆದುರು ನಿಂತಿತ್ತು. ನನಗೆ ಅಳು ಬಂತು.

ಅಲರ್ಜಿಯ ಮಾತ್ರೆ ನಿಲ್ಲಿಸಿದರು. ದಿನಕ್ಕೆ ಎರಡು ಸಲ ರೆಪ್ಪೆಗೆ ಶಾಖ, ಆಮೇಲೆ ಅಂಚು ಒರೆಸುವುದು, ಗಿರಣಿಯಲ್ಲಿ ಧೂಳಿನ ಕನ್ನಡಕ. ಎರಡು ತಿಂಗಳಿಗೆ ಮತ್ತೆ ಅದೇ ಪರೀಕ್ಷೆಗಳು, ಅದೇ ಕ್ರಮದಲ್ಲಿ.

ಒಂದು ಅನುಮಾನ. ಬಟ್ಟೆ ಎಷ್ಟು ಬಿಸಿ ಇರಬೇಕು? ನಿನ್ನೆ ಹಬೆಯ ಬಟ್ಟೆ ಇಟ್ಟುಕೊಂಡು ರೆಪ್ಪೆ ಕೆಂಪಾಯಿತು.

ಕಡಲೂರಿನ ಆಪ್ಟೊಮೆಟ್ರಿಸ್ಟ್
ಹಬೆ ಬೇಡ ಮೇಡಂ! ಮುಂಗೈಯ ಒಳಭಾಗಕ್ಕೆ ಇಟ್ಟು ನೋಡಿ, ಅಲ್ಲಿ ಹಿತವಾಗಿದ್ದರೆ ರೆಪ್ಪೆಗೂ ಹಿತ. ಬಟ್ಟೆ ಎರಡು ನಿಮಿಷಕ್ಕೆ ಆರುತ್ತದೆ, ಮತ್ತೆ ಅದ್ದಿ ಹಿಂಡಿ. ಒಟ್ಟು ಐದರಿಂದ ಹತ್ತು ನಿಮಿಷ. ಕಣ್ಣು ಮುಚ್ಚಿರಲಿ, ಗುಡ್ಡೆಯನ್ನು ಒತ್ತಬೇಡಿ. ಕೆಂಪು ಪೂರ್ತಿ ಇಳಿಯುವವರೆಗೆ ಒಂದೆರಡು ದಿನ ಬಿಡಿ.

ಕಲಬುರಗಿ ಬಿಸಿಲು
ಅಕ್ಕ, ಆ ಹನ್ನೆರಡು ಪ್ರಶ್ನೆಗಳ ಹಾಳೆ ಕನ್ನಡದಲ್ಲಿ ಕೊಟ್ಟರೇ, ಇಂಗ್ಲಿಷಿನಲ್ಲೇ? ತಾಯಿಯವರನ್ನು ಕರೆದುಕೊಂಡು ಹೋಗಬೇಕು ಎಂದುಕೊಂಡಿದ್ದೇನೆ.

ದಾವಣಗೆರೆ ಲೆಕ್ಕಪತ್ರ
ಹಾಳೆ ಇಂಗ್ಲಿಷಿನಲ್ಲಿತ್ತು ಅಣ್ಣ. ಆ ವೈದ್ಯೆ ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳಿದರು. ಅಮ್ಮನ ಜೊತೆ ನೀವೇ ಒಳಗೆ ಹೋಗಿ. ಗುಲಾಬಿ ನೀರು ಹಾಕುತ್ತಿರುವುದನ್ನೂ ಹೇಳಿಬಿಡಿ.